ಕೊಟ್ಟಿಗೆ ಕೊಟ್ಟವರು

ಕನ್ನಡಕದ ಡಬ್ಬಿಯಲ್ಲಿ ಏನಿರಬೇಕು? ಕನ್ನಡಕ ಇರಬೇಕು. ಅದೊಂದನ್ನು ಬಿಟ್ಟು ನನ್ನ ಡಬ್ಬಿಯಲ್ಲಿ ಉಳಿದೆಲ್ಲವೂ ಇರುತ್ತದೆ ಎಂಬುದು ನನ್ನ ಹೆಂಡತಿ ಜಪಮಾಲೆಯ ಬಹುಕಾಲದ ದೂರು. ಮೊನ್ನೆ ಕನ್ನಡಕ ಹುಡುಕುತ್ತ ಡಬ್ಬಿ ತೆರೆದೆ. ಹಳೆಯ ಬಸ್ ಟಿಕೆಟ್ಟು, ಅರ್ಧ ಪೆನ್ಸಿಲ್ಲು, ಯಾವುದೋ ಅಂಗಿಯ ಗುಂಡಿ, ಇವುಗಳ ನಡುವೆ ಒಂದೇ ಒಂದು ಎಳೆ ಭತ್ತದ ಹುಲ್ಲು. ಬರಿಯ ಹುಲ್ಲಲ್ಲ, ಚಿನ್ನದ ಬಣ್ಣ ಬಳಿದ ಹುಲ್ಲು. ಕನ್ನಡಕ ಎಂದಿನಂತೆ ನನ್ನ ಹಣೆಯ ಮೇಲೇ ಇತ್ತು.

"ಇನ್ನೂ ಬಿಸಾಕಿಲ್ವಾ ಅದನ್ನ?" ಎಂದಳು ಜಪಮಾಲೆ.

"ಇಲ್ಲ."

"ಇಟ್ಕೊಳ್ಳಿ, ಇಟ್ಕೊಳ್ಳಿ. ಬುದ್ಧಿ ಬರೋವರೆಗೂ ಇರ್ಲಿ."

ಈ ಹುಲ್ಲಿನ ವಿಚಾರ ನಿಮಗೆ ಹೇಳದಿದ್ದರೆ ನನ್ನ ಮಾನ ಉಳಿಯುತ್ತದೆ. ಆದರೆ ನಮ್ಮ ಚರ್ಚಿನ ನಲವತ್ತು ಮನೆಗಳಿಗೂ ಈಗಾಗಲೇ ಗೊತ್ತಾಗಿರುವುದರಿಂದ ನಿಮ್ಮೊಬ್ಬರಿಂದ ಮುಚ್ಚಿಟ್ಟು ಉಳಿಸಿಕೊಳ್ಳುವ ಮಾನ ಅಷ್ಟೇನೂ ಇಲ್ಲ.

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಈಗ ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿದ್ದೇನೆ. ಡ್ರಾಯಿಂಗ್ ಮೇಷ್ಟ್ರೆಂದರೆ ಶಾಲೆಯಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ, ಚರ್ಚಿನಲ್ಲಿ ಮಾತ್ರ ಬಹಳ ಬೇಡಿಕೆ. ಬ್ಯಾನರು ಬರೆಯಲು ಇನ್ನಾಸಪ್ಪ ಮೇಷ್ಟ್ರು, ನಕ್ಷತ್ರ ಕತ್ತರಿಸಲು ಇನ್ನಾಸಪ್ಪ ಮೇಷ್ಟ್ರು. ಎಲ್ಲಕ್ಕಿಂತ ಹೆಚ್ಚಾಗಿ ಡಿಸೆಂಬರ್ ಬಂದರೆ ಗೋದಲಿ ಕಟ್ಟಲು ಇನ್ನಾಸಪ್ಪ ಮೇಷ್ಟ್ರು. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಯೇಸು ಹುಟ್ಟಿದಾಗ ತಾಯಿ ಮಲಗಿಸಿದ್ದು ಅಂಥದೊಂದರಲ್ಲಿ. ನಮ್ಮವರು ಕ್ರಿಸ್ಮಸ್ಸಿಗೆ ಚರ್ಚಿನ ಮೂಲೆಯಲ್ಲಿ ಕಟ್ಟುವ ಇಡೀ ಕೊಟ್ಟಿಗೆಗೇ ಆ ಹೆಸರು ಕೊಟ್ಟಿದ್ದಾರೆ. ಬಿದಿರಿನ ಗಳ, ತೆಂಗಿನ ಗರಿಯ ಮಾಡು, ತಟ್ಟೆಗಳಲ್ಲಿ ಮೊಳಕೆ ಬರಿಸಿದ ರಾಗಿ ಪೈರು, ಅದರ ನಡುವೆ ಗಾರೆಯ ಮೂರ್ತಿಗಳು. ಸಂತ ಜೋಸೆಫರ ಮೂಗು ಒಂದು ವರ್ಷ ಮುರಿದುಹೋಗಿ ನಾನೇ ಅಂಟು ಮೆತ್ತಿ ತಿದ್ದಿದೆ. ಅಂದಿನಿಂದ ಅವರು ನಜರೇತಿನವರಂತೆ ಕಾಣುವುದಿಲ್ಲ, ಅರಕೆರೆಯಲ್ಲಿ ನಾಲೆ ನೋಡಿಕೊಳ್ಳುತ್ತಿದ್ದ ನನ್ನ ತಂದೆಯಂತೆ ಕಾಣುತ್ತಾರೆ. ಬೇಕೆಂದು ಮಾಡಿದ್ದಲ್ಲ. ನನಗೆ ಬರುವುದು ಅದೊಂದೇ ಮೂಗು.

ನನ್ನ ತಂದೆ ಅರಕೆರೆ ಹತ್ತಿರ ನೀರಗಂಟಿಯಾಗಿದ್ದರು. ಯಾರ ಗದ್ದೆಗೆ ಯಾವಾಗ ನಾಲೆಯ ನೀರು ಬಿಡಬೇಕು ಎಂದು ನೋಡಿಕೊಳ್ಳುವ ಕೆಲಸ. ಊರಿನ ಆಚೆ ನಾಲೆಯ ಏರಿಯ ಮೇಲೆ ಒಂದೂವರೆ ಕೋಣೆಯ ಮನೆ. ಸುತ್ತ ಹತ್ತು ಹಳ್ಳಿಗೆ ನಾವೊಂದೇ ಕ್ರೈಸ್ತರ ಮನೆಯೆಂದು ಕಾಣುತ್ತದೆ. ಕ್ರಿಸ್ಮಸ್ ಬಂತೆಂದರೆ ಅವ್ವ ಕಜ್ಜಾಯ ಸುಟ್ಟು ಎಲ್ಲರ ಮನೆಗೂ ಹಂಚುತ್ತಿದ್ದಳು. ಅದಕ್ಕೆ ಊರವರೆಲ್ಲ ಅದನ್ನು ಕಜ್ಜಾಯದ ಹಬ್ಬ ಎಂದೇ ಕರೆಯುತ್ತಿದ್ದರು. ಯೇಸುವಿನ ವಿಷಯ ಅವರಿಗೆ ಅಷ್ಟು ಗೊತ್ತಿರಲಿಲ್ಲ, ಕಜ್ಜಾಯದ ವಿಷಯ ಚೆನ್ನಾಗಿ ಗೊತ್ತಿತ್ತು.

ಒಂದು ವರ್ಷ ಅವ್ವನಿಗೆ ಮನೆಯಲ್ಲೂ ಗೋದಲಿ ಮಾಡುವ ಆಸೆಯಾಯಿತು. ಪಕ್ಕದ ಗದ್ದೆಯ ಮನೆಯ ದೊಡ್ಡಮ್ಮನ ಹತ್ತಿರ ಹೋಗಿ ಒಂದು ಕಂತೆ ಹುಲ್ಲು ಕೇಳಿದಳು. ಆಗತಾನೇ ಬಡಿದು ಮೆದೆ ಹಾಕಿದ್ದ ಹೊಸ ಹುಲ್ಲು. ಸಾಬೂನಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಜೇಡಿಮಣ್ಣಿನಲ್ಲಿ ನಾನು ಮಾಡಿದ ಬಾಲಯೇಸುವನ್ನು ಮಲಗಿಸಿದೆವು. ಬಾಲಯೇಸು ಸ್ವಲ್ಪ ಬದನೆಕಾಯಿಯ ಹಾಗಿದ್ದ. ಹಬ್ಬ ಮುಗಿದ ಮೇಲೆ ಒಂದು ಎಳೆಯನ್ನೂ ಹಾಳುಮಾಡದ ನಮ್ಮವ್ವ ಆ ಹುಲ್ಲನ್ನು ಹಾಗೇ ಕಟ್ಟಿ ದೊಡ್ಡಮ್ಮನಿಗೆ ವಾಪಸ್ಸು ಕೊಟ್ಟಳು.

ದೊಡ್ಡಮ್ಮ ಅದನ್ನು ಗಬ್ಬದ ಹಸುವಿಗೆ ಹಾಕಿದಳು. ಹಿಂದಿನ ಎರಡು ಸಲ ಕರು ಹಾಕಲು ಬಹಳ ಒದ್ದಾಡಿದ್ದ ಹಸು ಅದು. ಆ ಸಲ ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಕರು ಎದ್ದು ನಿಂತು ಹಾಲು ಕುಡಿಯುತ್ತಿತ್ತಂತೆ. ಅಲ್ಲಿಗೆ ತೀರ್ಮಾನವಾಯಿತು. ಮುಂದಿನ ವರ್ಷದಿಂದ ಅವ್ವ ಕೇಳುವ ಮೊದಲೇ ಹುಲ್ಲು ಬರತೊಡಗಿತು. ಒಂದೇ ಒಂದು ಕರಾರು: ಹಬ್ಬ ಆದ ಮೇಲೆ ಹುಲ್ಲು ವಾಪಸ್ಸು ಬರಬೇಕು.

ನಾನು ಶಾಲೆಗೆ ಹೋಗುವ ಹೊತ್ತಿಗೆ ಆ ಮನೆಗೆ ಸೊಸೆಯಾಗಿ ಬಂದವಳು ನಿಂಗಮ್ಮಕ್ಕ. ದೊಡ್ಡಮ್ಮ ಹೋದ ಮೇಲೆ ಹುಲ್ಲಿನ ಜವಾಬ್ದಾರಿ ಅವಳದಾಯಿತು. ನಮ್ಮ ತಂದೆ ತೀರಿಕೊಂಡು, ನಾವು ಶ್ರೀರಂಗಪಟ್ಟಣಕ್ಕೆ ಬಂದು, ಗೋದಲಿ ಸಾಬೂನಿನ ಪೆಟ್ಟಿಗೆಯಿಂದ ಚರ್ಚಿಗೆ ಬಡ್ತಿ ಪಡೆದಾಗಲೂ ಹುಲ್ಲು ತಪ್ಪಲಿಲ್ಲ. ಡಿಸೆಂಬರಿನಲ್ಲಿ ಅರಕೆರೆ ಬಸ್ಸಿನಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಇಳಿಯುತ್ತಾಳೆ. ಕಂಡಕ್ಟರಿಗೂ ಅಭ್ಯಾಸವಾಗಿ ಹೋಗಿದೆ. ಚಿಕ್ಕವನಿದ್ದಾಗ ನನ್ನನ್ನು "ಇನ್ನಾಸಿ, ಬಾರ್ಲಾ" ಎಂದು ಕರೆಯುತ್ತಿದ್ದವಳು ನಾನು ಕೆಲಸಕ್ಕೆ ಸೇರಿದ ದಿನದಿಂದ "ಮೇಷ್ಟ್ರೆ, ಬನ್ನಿ" ಎನ್ನತೊಡಗಿದಳು. ಬೇಡ ಎಂದು ನಾನೂ ಹೇಳಲಿಲ್ಲ. ಕೇಳಲು ಹಿತವಾಗಿತ್ತು.

ಹುಲ್ಲು ತಂದ ದಿನ ಅವಳು ಹಾಗೇ ಹೋಗುವುದಿಲ್ಲ. ಪೂಜೆ ಇದ್ದರೆ ಹಿಂದೆ ಬಾಗಿಲ ಹತ್ತಿರ ನಿಂತು ಫಾದರ್ ಹೇಳುವುದನ್ನೆಲ್ಲ ಕೇಳುತ್ತಾಳೆ. ನಮ್ಮಲ್ಲಿ ಪ್ರತಿವರ್ಷದ ಪ್ರಸಂಗ ಹೆಚ್ಚುಕಡಿಮೆ ಒಂದೇ. ದೇವರ ಮಗ ಅರಮನೆಯಲ್ಲಿ ಹುಟ್ಟಲಿಲ್ಲ, ಛತ್ರದಲ್ಲಿ ಜಾಗ ಸಿಗಲಿಲ್ಲ, ಎಲ್ಲರೂ ಬಾಗಿಲು ಹಾಕಿದರು, ಕೊನೆಗೆ ಕೊಟ್ಟಿಗೆಯಲ್ಲಿ ಹುಟ್ಟಿದ, ಎಷ್ಟು ದೀನ ಜನನ ಎಂದು. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ಹಾಗಾಗಿ ಯಾರೂ ಕೇಳುವುದಿಲ್ಲ. ಕೇಳಿದವಳು ನಿಂಗಮ್ಮಕ್ಕ ಒಬ್ಬಳೇ.

ಒಂದು ವರ್ಷ ಪೂಜೆ ಮುಗಿದು ಎಲ್ಲರೂ ಕೇಕು ತಿನ್ನುತ್ತಿರುವಾಗ ಅವಳು ನೇರ ಫಾದರ್ ಹತ್ತಿರ ಬಂದಳು.

"ಅಲ್ಲ ಸಾಮಿ, ಕೊಟ್ಟಿಗೇಲಿ ಉಟ್ಟುದ್ರೆ ಏನ್ ಕಮ್ಮಿಯಾಯ್ತು? ನಾನೂ ಕೊಟ್ಟಿಗೇಲೇ ಉಟ್ಟಿದ್ದು. ನನ್ ನಾಕು ಮಕ್ಳೂ ಅಲ್ಲೇ. ಮನೇಲಿ ಬೆಚ್ಚಗಿರಾ ಜಾಗ ಅದೊಂದೇಯ. ಅಸ ಉಸುರ್ ಬುಡ್ತಾ ಇದ್ರೆ ಕೂಸ್ಗೆ ಕಂಬ್ಳಿ ಬ್ಯಾಡ."

ಫಾದರ್ ಒಳ್ಳೆಯವರು, ನಕ್ಕರು. "ನಿಜ ಕಣಮ್ಮ" ಎಂದರು.

"ಇನ್ನೊಂದ್ ಮಾತು. ಜಾಗ ಕೊಡ್ದೇ ಇದ್ದೋರ್ನ ಅಷ್ಟೊತ್ತು ಬೈದ್ರಿ. ಕೊಟ್ಟಿಗೆ ಕೊಟ್ಟೋರ್ ಯಾರು? ಅವ್ರ ಎಸ್ರೇ ಏಳ್ನಿಲ್ವಲ್ಲ?"

ಫಾದರ್ ಕೈಯಲ್ಲಿದ್ದ ಕೇಕು ಅಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದರು, ನಾನು ಪಕ್ಕದಲ್ಲಿದ್ದ ಚರ್ಚಿನ ಉಪದೇಶಿಯ ಮುಖ ನೋಡಿದೆ. ಕುರುಬರಿದ್ದಾರೆ, ಕಾಣಿಕೆ ತಂದ ಮೂವರು ರಾಯರಿದ್ದಾರೆ, ದೇವದೂತರಿದ್ದಾರೆ, ಕೆಟ್ಟ ರಾಜನ ಹೆಸರೂ ಇದೆ. ಕೊಟ್ಟಿಗೆಯ ಯಜಮಾನ ಎಲ್ಲೂ ಇಲ್ಲ.

"ಬರೆದಿಲ್ಲಮ್ಮ" ಎಂದರು ಫಾದರ್ ಮೆಲ್ಲಗೆ.

"ಬರ್ಕಬೇಕಾಗಿತ್ತು" ಎಂದಳು ನಿಂಗಮ್ಮಕ್ಕ. ಕೇಕಿನ ತುಂಡು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಹೊರಟಳು.

ಈಗ ಚಿನ್ನದ ಬಣ್ಣಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ ಎಂದು ನಿಮಗೆ ಗೊತ್ತಾಗಿರಬಹುದು.

ಕಳೆದ ಕ್ರಿಸ್ಮಸ್ಸಿಗೆ ನಮ್ಮ ನಾಲ್ಕು ತಾಲ್ಲೂಕಿನ ಸಣ್ಣಪುಟ್ಟ ಚರ್ಚುಗಳೆಲ್ಲ ಸೇರಿ ಗೋದಲಿ ಸ್ಪರ್ಧೆ ಇಟ್ಟರು. ಸ್ಪರ್ಧೆ ಎಂದ ಕೂಡಲೇ ಮನುಷ್ಯನ ಒಳಗೆ ಏನೋ ಆಗುತ್ತದೆ. ನಾಗಮಂಗಲದವರು ಹಿತ್ತಾಳೆಯ ನಕ್ಷತ್ರ ಎರಕ ಹೊಯ್ಸುತ್ತಿದ್ದಾರಂತೆ ಎಂದು ಸುದ್ದಿ ಬಂತು. ಪಾಂಡವಪುರದವರದು ಪೂರ್ತಿ ಕಬ್ಬಿನ ಕೊಟ್ಟಿಗೆಯಂತೆ. ಕೆ.ಆರ್. ಪೇಟೆಯವರು ಜೀವಂತ ಕುರಿಮರಿಯನ್ನೇ ಕಟ್ಟುತ್ತಾರಂತೆ. ಅದು ಈಗಾಗಲೇ ಅಭ್ಯಾಸಕ್ಕೆ ಬಂದು ರಾಗಿ ಪೈರನ್ನೆಲ್ಲ ತಿಂದುಹಾಕಿದೆಯಂತೆ. ಮೂವತ್ತು ವರ್ಷ ಪಾಂಡವಪುರದ ಮಕ್ಕಳಿಗೆ ಬಣ್ಣ ಕಲಿಸಿದ ನಾನು ಈಗ ಆ ಪಾಂಡವಪುರಕ್ಕೇ ಸೋಲುವುದೆ? ರೋಷ ಬಂತು.

ಆ ವರ್ಷ ನಿಂಗಮ್ಮಕ್ಕ ಬಂದಿರಲಿಲ್ಲ. ಹಸು ತುಂಬಿದ ಗಬ್ಬ, ಬಿಟ್ಟು ಬರುವ ಹಾಗಿಲ್ಲ ಎಂದು ಮಗನ ಬೈಕಿನಲ್ಲಿ ಹುಲ್ಲು ಕಳಿಸಿದ್ದಳು. ಜಪಮಾಲೆ ಅದರಲ್ಲಿ ಒಂದು ಹಿಡಿ ತೆಗೆದು ಬಾಲಯೇಸುವಿನ ಪುಟ್ಟ ಮರದ ತೊಟ್ಟಿಗೆ ತುಂಬಿ, ಪೂಜೆಯ ಬಟ್ಟೆಬರೆ ಇಡುವ ಒಳಕೋಣೆಯಲ್ಲಿಟ್ಟಳು. ಬಾಲಯೇಸುವನ್ನು ಮೊದಲೇ ಗೋದಲಿಯಲ್ಲಿ ಇಡುವುದಿಲ್ಲ. ಹಬ್ಬದ ಪೂಜೆಯಲ್ಲಿ ತೊಟ್ಟಿಯ ಸಮೇತ ಮೆರವಣಿಗೆಯಲ್ಲಿ ತರುತ್ತೇವೆ. ಉಳಿದ ಹುಲ್ಲನ್ನು ನಾನು ಕೊಟ್ಟಿಗೆಯ ತುಂಬ ಹಾಸಿದೆ. ದೂರ ನಿಂತು ನೋಡಿದೆ. ಹುಲ್ಲು ಹುಲ್ಲಿನ ಹಾಗೇ ಕಾಣುತ್ತಿತ್ತು. ಅದೇ ನನಗೆ ಕೊರತೆಯೆನಿಸಿತು.

ಮೈಸೂರಿಗೆ ಹೋಗಿ ಚಿನ್ನದ ಬಣ್ಣದ ಸ್ಪ್ರೇ ಡಬ್ಬಿಗಳನ್ನು ತಂದೆ. ಮೂಗಿಗೆ ಟವಲು ಕಟ್ಟಿಕೊಂಡು ಹಾಸಿದ್ದ ಇಡೀ ಹುಲ್ಲಿಗೆ, ಬುಡದಿಂದ ತುದಿಯವರೆಗೆ ತಿರುವಿ ತಿರುವಿ ಹೊಡೆದೆ. ದೀಪ ಹಾಕಿದಾಗ ಥಳಥಳ ಹೊಳೆಯಿತು. ನನ್ನ ಮೀಸೆಯೂ ಹೊಳೆಯಿತು, ಅದು ಆಮೇಲೆ ಗೊತ್ತಾಯಿತು. ಈ ಹುಲ್ಲನ್ನು ಹದಿನೈದು ದಿನದಲ್ಲಿ ಒಂದು ಹಸು ತಿನ್ನಬೇಕು ಎಂಬುದು, ನಂಬಿ, ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಹಬ್ಬದ ಸಂಜೆಯ ಪೂಜೆಯಲ್ಲಿ. ಫಾದರ್ ಎಂದಿನ ಪ್ರಸಂಗ ಆರಂಭಿಸಿದರು. "ಹುಲ್ಲಿನ ಮೇಲೆ ಮಲಗಿದ" ಎಂದು ಕೈ ತೋರಿಸಿದರು. ಜನ ಗೋದಲಿಯ ಕಡೆ ನೋಡಿದರು. ಅಲ್ಲಿ ಹುಲ್ಲಿರಲಿಲ್ಲ, ಮದುವೆ ಮಂಟಪವಿತ್ತು. ಯಾರೋ ಕಿಸಕ್ಕೆಂದರು. ಆ ಕ್ಷಣ ನನಗೆ ನಿಂಗಮ್ಮಕ್ಕನ ಹಸು ನೆನಪಾಯಿತು. ಆಮೇಲೆ ಫಾದರ್ ಏನು ಹೇಳಿದರೋ ಗೊತ್ತಿಲ್ಲ. ಎರಡು ದಿನದ ಮೇಲೆ ತೀರ್ಪು ಕೊಡಲು ಬಂದ ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡು, "ಇದು ಕೊಟ್ಟಿಗೆನಾ, ಒಡವೆ ಅಂಗಡಿನಾ ಮೇಷ್ಟ್ರೆ?" ಎಂದರು. ಸಮಾಧಾನಕರ ಬಹುಮಾನವೆಂದು ಒಂದು ಗೋಡೆ ಗಡಿಯಾರ ಕೊಟ್ಟರು. ಮೊದಲ ಬಹುಮಾನ ಪಾಂಡವಪುರಕ್ಕೆ ಹೋಯಿತು.

ಜನವರಿ ಆರರಂದು, ಮೂರು ರಾಯರ ಹಬ್ಬದ ದಿನ ಗೋದಲಿ ಬಿಚ್ಚುತ್ತೇವೆ. ಅಂದು ಬೆಳಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ, ಹಸು ಇವತ್ತೋ ನಾಳೆಯೋ ಕರು ಹಾಕುತ್ತದೆ, ಹುಲ್ಲು ಸಿದ್ಧವಾಗಿಟ್ಟಿರಿ ಎಂದು ನಿಂಗಮ್ಮಕ್ಕ ಫೋನು ಮಾಡಿದಳು. ನಿಜ ಹೇಳಿಬಿಡಬೇಕಿತ್ತು. "ಆಗಲಿ ಅಕ್ಕ" ಎಂದೆ.

ಎಪ್ಪತ್ತು ದಾಟಿದ ಆ ಹೆಂಗಸು ಆ ಹುಲ್ಲಿನ ಮೇಲೆ ಎಷ್ಟು ಭಾರ ಹಾಕಿದ್ದಾಳೆಂದು ನನಗೆ ಗೊತ್ತಿತ್ತು. ಅವಳ ಅತ್ತೆಯ ಕಾಲದಿಂದ ಆ ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳೆಲ್ಲ ನಮ್ಮ ಗೋದಲಿಯ ಹುಲ್ಲು ತಿಂದ ತಾಯಂದಿರವು. ಹಾಗೆಂದು ಬಣ್ಣ ಮೆತ್ತಿದ್ದನ್ನು ಕೊಟ್ಟರೆ ಹಸು ಉಳಿಯುವುದಿಲ್ಲ. ಕೊಡದಿದ್ದರೆ ಅವಳ ನಂಬಿಕೆ ಉಳಿಯುವುದಿಲ್ಲ. ನಾನು ಮೂರನೆಯ ದಾರಿ ಹಿಡಿದೆ. ಹತ್ತಿರದ ಗಂಜಾಂನಲ್ಲಿ ಹಸು ಸಾಕಿರುವ ಪರಿಚಯದವರ ಮನೆಯಿಂದ ಒಂದು ಸುರುಳಿ ಹುಲ್ಲು ತಂದು, ಚಿನ್ನದ ಹುಲ್ಲನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಒಳಕೋಣೆಯಲ್ಲಿ ಬಚ್ಚಿಟ್ಟು, ಹೊಸದನ್ನು ಗೋದಲಿಯಲ್ಲಿ ಹಾಸಿದೆ. ಹಾಸುವಾಗ ಬಾಲಯೇಸುವನ್ನು ತೊಟ್ಟಿಯ ಸಮೇತ ಎತ್ತಿ ಬೆಂಚಿನ ಮೇಲಿಟ್ಟೆ. ಮುಖ ನೋಡಲು ಧೈರ್ಯ ಬರಲಿಲ್ಲ. ಗೋಡೆಯ ಕಡೆ ತಿರುಗಿಸಿಟ್ಟೆ.

ನಿಂಗಮ್ಮಕ್ಕ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಗೋದಲಿಯ ಮುಂದೆ ಬಗ್ಗಿ ಒಂದು ಎಳೆ ಕೈಗೆ ತೆಗೆದುಕೊಂಡಳು. ಬೆರಳಲ್ಲಿ ತೀಡಿದಳು. ಮೂಸಿದಳು.

"ಇದು ಮಿಷಿನ್ ಉಲ್ಲು" ಎಂದಳು.

ಇನ್ನೊಂದು ಎಳೆ ಎತ್ತಿ ನನಗೆ ತೋರಿಸಿದಳು.

"ಮಿಷಿನ್ ಕುಯ್ದುದ್ದು ಇಂಗೆ ನುರುದೋಗಿರ್ತದೆ. ನಮ್ಮುಲ್ಲು ಕುಡ್ಲಲ್ಲಿ ಕುಯ್ದು ಕಲ್ಮೇಲ್ ಬಡ್ದುದ್ದು, ಮಾರುದ್ದ ಇರ್ತದೆ. ಇದ್ಕೇಂತ್ಲೇ ಗದ್ದೇಲಿ ಒಂದ್ ಮಡಿ ಬುಟ್ಟಿದ್ದೀನಿ." ತಿರುಗಿ ನನ್ನನ್ನು ನೋಡಿದಳು. "ಇನ್ನಾಸಿ, ನಮ್ಮುಲ್ಲು ಏನ್ ಮಾಡ್ದೆಲಾ?"

ಇಷ್ಟು ವರ್ಷದ ಮೇಷ್ಟ್ರುತನ ಅಲ್ಲಿಗೆ ಮುಗಿಯಿತು. ಒಳಕೋಣೆಯಿಂದ ಗೋಣಿಚೀಲ ತಂದು ಅವಳ ಮುಂದೆ ಸುರಿದೆ. ಕಿಟಕಿಯ ಬಿಸಿಲಿಗೆ ಚರ್ಚೆಲ್ಲ ಝಗಝಗ ಎಂದಿತು. ಸ್ಪರ್ಧೆ, ಸ್ಪ್ರೇ, ಗಂಜಾಂ ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ಆ ರಾಶಿಯಿಂದ ಒಂದು ಎಳೆ ಎತ್ತಿ ಉಗುರಿನಲ್ಲಿ ಕೆರೆದು ನೋಡಿದಳು.

"ಬಣ್ಣ ಬಳ್ದಿದ್ದು ದಡ್ಡತನ, ಓಗ್ಲಿ" ಎಂದಳು. "ಸುಳ್ಳ್ ಯಾಕ್ಲಾ ಆಸ್ದೆ ನನ್ ಮುಂದೆ?"

"ನೀನು ಬೇಜಾರ್ ಮಾಡ್ಕೋತೀಯ ಅಂತ, ಅಕ್ಕ."

"ಬೇಜಾರಲ್ದೆ ಇನ್ನೇನು? ದನ ತಿನ್ನಾದ್ರ ಮ್ಯಾಲೆ ನಿಮ್ ದೇವ್ರು ಬಂದು ಮನಿಕ್ಕಂಡ. ಅವ್ನ್ಗೆ ಸಾಕಾಗಿದ್ದು ನಿಂಗೆ ಸಾಕಾಗ್ನಿಲ್ವಾ?"

ನಲವತ್ತು ವರ್ಷ ಕೇಳಿದ ಪ್ರಸಂಗಗಳೆಲ್ಲ ಒಂದು ಕಡೆ, ಇದೊಂದು ಮಾತು ಒಂದು ಕಡೆ.

ಅವಳು ಸುತ್ತ ನೋಡಿ, ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಬಾಲಯೇಸುವನ್ನು ಕಂಡಳು. "ಇವ್ನೇನ್ ತೆಪ್ಪು ಮಾಡ್ದ ಅಂತ ಮೂಲೇಗ್ ತಿರುಗ್ಸಿದ್ದೀಯೆ?" ಎನ್ನುತ್ತ ಹೋಗಿ ತೊಟ್ಟಿಯಿಂದ ಎತ್ತಿಕೊಂಡಳು. ಮೊಮ್ಮಗನನ್ನು ಎತ್ತಿಕೊಳ್ಳುವ ಹಾಗೆ, ಕತ್ತಿನ ಕೆಳಗೆ ಅಂಗೈ ಕೊಟ್ಟು. ಸೆರಗಿನಿಂದ ಅದರ ಮೂತಿ ಒರೆಸಿದಳು. ಮತ್ತೆ ಮಲಗಿಸಲೆಂದು ಬಗ್ಗಿದವಳ ಕೈ ತೊಟ್ಟಿಯಲ್ಲೇ ನಿಂತಿತು.

"ಇದು ನಮ್ಮುಲ್ಲು."

ಓಡಿಹೋಗಿ ನೋಡಿದೆ. ಜಪಮಾಲೆ ಬೇರೆಯಾಗಿ ತೆಗೆದಿಟ್ಟ ಹಿಡಿ ಹುಲ್ಲು. ನಾನು ಸ್ಪ್ರೇ ಹೊಡೆಯುವಾಗ ಒಳಕೋಣೆಯಲ್ಲಿದ್ದದ್ದು. ನನಗೆ ಮರೆತೇ ಹೋಗಿತ್ತು. ಹುಲ್ಲಿನ ಬಣ್ಣ, ಹುಲ್ಲಿನ ವಾಸನೆ, ಮಧ್ಯೆ ಒಂದು ಪುಟ್ಟ ತಗ್ಗು.

"ಒಂದೇ ಹಿಡಿ ಅಕ್ಕ, ಸಾಕಾಗುತ್ತಾ?"

"ಒಟ್ಟೆ ತುಂಬಕ್ಕೆ ಬೇರೆ ಐತೆ. ಇದೊಂದ್ ಇಡಿ ಸಾಕ್ ಬುಡು" ಎಂದು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. "ಎಣ್ತಿಗಿರಾ ಬುದ್ಧಿ ನಿಂಗಿಲ್ಲ." ಬಾಗಿಲವರೆಗೆ ಹೋದವಳು ತಿರುಗಿ ಬಂದು ಗಂಜಾಂನ ಹುಲ್ಲನ್ನು ತೊಟ್ಟಿಗೆ ತುಂಬಿ ಮಗುವನ್ನು ಅದರ ಮೇಲೆ ಮಲಗಿಸಿದಳು. "ವಸಿ ಚುಚ್ತದೆ ಕಣಪ್ಪ, ತಡ್ಕೊ" ಎಂದು ಅದಕ್ಕೆ ಹೇಳಿ ಹೋದಳು.

ಮೂರನೆಯ ದಿನ ಫೋನು ಬಂತು. "ಅಸ ಕರ ಆಕ್ತು. ಸುಸೂತ್ರ. ಗಂಡ್ಕರ."

ಗಂಡು ಎಂದು ಕೇಳಿ, "ಸಂತೋಷ ಅಕ್ಕ" ಎಂದಷ್ಟೇ ಹೇಳಿ ಫೋನಿಟ್ಟೆ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಈಗ ಗಂಡು ಕರು ಯಾರಿಗೂ ಬೇಡ. ಹಾಲು ಕೊಡುವುದಿಲ್ಲ, ಉಳುವುದಕ್ಕೆ ಟ್ರಾಕ್ಟರು ಇದೆ. ವಾರದೊಳಗೆ ಯಾರಿಗಾದರೂ ಸಾಗಹಾಕಿಬಿಡುತ್ತಾರೆ. ನನ್ನ ತಪ್ಪಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬೇಡಿ, ಆದರೂ ಮನಸ್ಸು ಕುಗ್ಗಿತು. ಸಂಕ್ರಾಂತಿಗೆ ಮೊದಲು ಒಂದು ದಿನ ಬೆಲ್ಲ, ಬಾಳೆಹಣ್ಣು ಕಟ್ಟಿಕೊಂಡು ಅರಕೆರೆ ಬಸ್ಸು ಹತ್ತಿದೆ.

ಕೊಟ್ಟಿಗೆಯಲ್ಲಿ ಕರು ಇನ್ನೂ ಇತ್ತು. ಮೇವಿನ ಗೋದಲಿಯ ಪಕ್ಕದಲ್ಲೇ ಹುಲ್ಲಿನ ಮೇಲೆ ಕಾಲು ಮಡಿಸಿ ಮಲಗಿತ್ತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಹಸು ಅದರ ಬೆನ್ನ ಮೇಲೆ ಉಸಿರು ಬಿಡುತ್ತಿತ್ತು. ಒಳಗೆ ನಿಜವಾಗಿಯೂ ಬೆಚ್ಚಗಿತ್ತು.

"ಇಟ್ಕೊಂಡ್ರಾ ಅಕ್ಕ?" ಎಂದೆ.

"ನನ್ ಮಗ ಬ್ಯಾಡ ಅಂದ. ಅವ್ವ, ಜಾಗ ಇಲ್ಲ, ಯಾರ್ಗಾದ್ರೂ ಕೊಟ್ಬುಡನ ಅಂದ." ನಿಂಗಮ್ಮಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಜಾಗ ಇಲ್ಲ ಅನ್ನೋ ಮಾತು ಈ ಮನೇಲಿ ಬರ್ಬಾರ್ದು ಕಣ್ಲಾ ಅಂದೆ. ನಿಮ್ ಫಾದ್ರು ವರ್ಸಾ ವರ್ಸಾ ಆ ಊರೋರ್ನ ಬೈತಾರಲ್ಲ, ಆ ಪಟ್ಟೀಲಿ ನನ್ ಎಸ್ರೂ ಸೇರ್ಸ್ಬುಟ್ಟಾರು!"

ನಕ್ಕೆ. ನಗುತ್ತಿದ್ದಂತೆ ಕಣ್ಣು ಮಂಜಾಯಿತು. ಕನ್ನಡಕ ಹಣೆಯ ಮೇಲಿದ್ದುದರಿಂದ ತಪ್ಪನ್ನು ಅದರ ಮೇಲೆ ಹಾಕುವ ಹಾಗೂ ಇರಲಿಲ್ಲ. ನನಗೇ ಗೊತ್ತಿಲ್ಲದೆ ಎರಡೂ ಕೈ ಮುಗಿದಿದ್ದೆ.

"ಅಯ್ಯೋ, ಕರೀಗ್ ಯಾಕ್ಲಾ ಕೈ ಮುಗೀತೀಯೆ?"

"ಕರುವಿಗಲ್ಲ ಅಕ್ಕ" ಎಂದೆ. "ಕೊಟ್ಟಿಗೆ ಕೊಟ್ಟೋರಿಗೆ."

ಅವಳು ಸೆರಗು ಕೊಡವಿಕೊಂಡು ಒಳಗೆ ನಡೆದಳು.

"ಸಾಕ್ ಬಾರ್ಲಾ ಇನ್ನಾಸಿ, ಕಾಪಿ ಆರೋಯ್ತದೆ."